ಅಳಿದವರ ಋಣ, ಉಳಿದವರ ನ್ಯಾಯ

ಕೊಲೆಯ ಕಥೆಗೆ ದೊರೆಯುವಷ್ಟು ಕೇಳುಗರು ಬೇರೆ ಯಾವ ಕಥೆಗೂ ದೊರೆಯುವುದಿಲ್ಲ. ಹಿಂದೆ ಜಗಲಿಯ ಮೇಲೆ ಕುಳಿತು ದನಿ ತಗ್ಗಿಸಿ ಹೇಳುತ್ತಿದ್ದ ಸಂಗತಿಗಳನ್ನು ಅನಂತರ ವಾರಪತ್ರಿಕೆಗಳಲ್ಲಿ ಓದಿದೆವು, ತೆರೆಯ ಮೇಲೆ ನೋಡಿದೆವು. ಈಗ ಅವು ನಮ್ಮ ಅಂಗೈಯಲ್ಲಿರುವ ಮೊಬೈಲಿಗೇ ಕಂತುಕಂತಾಗಿ ಬಂದು ಬೀಳುತ್ತಿವೆ. ಯಾರು ಕೊಂದರು, ಹೇಗೆ ಕೊಂದರು, ಹೇಗೆ ಸಿಕ್ಕಿಬಿದ್ದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕೊಡನೆ ಕಥೆ ಮುಗಿಯಿತೆಂದು ನಾವು ಎದ್ದು ಹೋಗುತ್ತೇವೆ. ಆದರೆ ನಿಜವಾದ ಪ್ರಶ್ನೆಗಳು ಆರಂಭವಾಗುವುದೇ ಅಲ್ಲಿಂದ ಮುಂದೆ. ಸತ್ತವರಿಗೆ ಸಮಾಜ ಏನನ್ನು ಸಲ್ಲಿಸಬೇಕು? ಕೊಂದವನಿಗೆ ಯಾವ ಶಿಕ್ಷೆ ಉಚಿತ? ಇವರಿಬ್ಬರ ನಡುವೆ ಸಿಕ್ಕಿಕೊಂಡ ನಿರಪರಾಧಿಗೆ ಯಾರು ಹೊಣೆ? ಈ ಮೂರನ್ನು ಸಂಘದ ಬಂಧುಗಳ ಮುಂದಿಟ್ಟು ಚಿಂತಿಸುವುದು ಈ ಪ್ರಬಂಧದ ಉದ್ದೇಶ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಮೋಯಾರಿನಲ್ಲಿ ವಾಸವಾಗಿರುವ ನಮಗಂತೂ ಇದು ದೂರದ ವಿಷಯವಲ್ಲ. ನಮ್ಮ ಊರಿಗೆ ಹೆಸರು ಕೊಟ್ಟ ಹೊಳೆ ಮುದುಮಲೈ ಮತ್ತು ಬಂಡೀಪುರದ ಕಾಡುಗಳ ನಡುವೆ ಆಳವಾದ ಕಮರಿಯನ್ನು ಕೊರೆದು, ಎರಡು ರಾಜ್ಯಗಳ ಎಲ್ಲೆಯಾಗಿ ಹರಿದು, ಕೆಳಗೆ ಭವಾನಿಸಾಗರದಲ್ಲಿ ಭವಾನಿಯನ್ನು ಕೂಡುತ್ತದೆ. ಆ ಕಣಿವೆಯಿಂದ ಮೂಡಣಕ್ಕೆ ಸತ್ಯಮಂಗಲ, ತಾಳವಾಡಿ, ಮಲೆಮಹದೇಶ್ವರ ಬೆಟ್ಟಗಳವರೆಗೆ ಹಬ್ಬಿದ ಕಾಡು ಒಂದೇ. ಎರಡು ದಶಕಗಳ ಕಾಲ ಆ ಕಾಡಿನಲ್ಲಿ ವೀರಪ್ಪನ್ ಎಂಬ ಹೆಸರು ಆಳಿತು. ನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣನಾದವನ ಕಥೆಯ ಒಂದು ಅಂಚಿನಲ್ಲಿ ನಾವೂ ಬದುಕಿದವರು. ಸಂಜೆಯಾದೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಡಂಚಿನ ಊರುಗಳನ್ನು ನಮ್ಮಲ್ಲಿ ಹಿರಿಯರಾದವರೆಲ್ಲರೂ ಕಂಡಿದ್ದೇವೆ.

ಉಳಿದದ್ದು ಯಾರ ಹೆಸರು?

2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ವೀರಪ್ಪನ್ ಬಲಿಯಾದ. ಆ ವಾರ ಶಾಲೆಯಲ್ಲಿ ಮಕ್ಕಳಿಗೆ ಬೇರೆ ಮಾತೇ ಇರಲಿಲ್ಲ. ಮೀಸೆಯ ಅಳತೆಯಿಂದ ಹಿಡಿದು ಹಕ್ಕಿಗಳ ದನಿಯ ಅನುಕರಣೆಯವರೆಗೆ ಅವನ ವಿಷಯ ಅವರಿಗೆಲ್ಲ ಬಾಯಿಪಾಠವಾಗಿತ್ತು. ಏಳನೆಯ ತರಗತಿಯ ಮಕ್ಕಳನ್ನು ಕುಳ್ಳಿರಿಸಿ, ಅವನು ಕೊಂದವರಲ್ಲಿ ಒಬ್ಬರ ಹೆಸರನ್ನು ಹೇಳಿರೆಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಇದು ಮಕ್ಕಳ ದೋಷವಲ್ಲ. ನಾವು ಹಿರಿಯರು ಅವರಿಗೆ ಹೇಳಿದ ಕಥೆಯೇ ಅಂಥದು.

ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. ಆ ಊರಿನ ಜನರ ಮನಸ್ಸನ್ನು ಒಲಿಸಿಕೊಂಡರೆ ಕಾಡಿನ ಹಿಂಸೆ ತಾನಾಗಿ ಅಡಗುತ್ತದೆಂದು ನಂಬಿದ ಅರಣ್ಯಾಧಿಕಾರಿಯೊಬ್ಬರಿದ್ದರು, ಅವರು ಪಿ. ಶ್ರೀನಿವಾಸ್. ಅವರು ಊರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿಯನ್ನು ಕಟ್ಟಿಸಲು ನೆರವಾದರು, ದಾರಿ ತಪ್ಪಿದವರನ್ನು ಶರಣಾಗತಿಗೆ ಒಪ್ಪಿಸಿದರು. ವೀರಪ್ಪನ್ನೂ ಶರಣಾಗುತ್ತಾನೆಂಬ ಮಾತನ್ನು ನಂಬಿ 1991ರ ನವೆಂಬರ್ 10ರಂದು ನಿರಾಯುಧರಾಗಿ ಕಾಡಿಗೆ ಹೋದ ಅವರನ್ನು ಅವನು ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿ ಗೌರವಿಸಿತು. ಮರುವರ್ಷ, 1992ರ ಆಗಸ್ಟ್ 14ರಂದು, ಮೀಣ್ಯಂ ಬಳಿ ಹೊಂಚುಹಾಕಿದ್ದ ಗುಂಪು ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಿಬ್ಬಂದಿಯನ್ನು ಬಲಿತೆಗೆದುಕೊಂಡಿತು. ಇವರ ಬದುಕಿನಲ್ಲಿ ಕಥೆಗೆ ಬೇಕಾದ ಧೈರ್ಯ, ಕರುಣೆ, ವಿಶ್ವಾಸ ಎಲ್ಲವೂ ಇದ್ದವು. ಆದರೂ ಸಿನಿಮಾಗಳಿಗೆ ಹೆಸರು ಕೊಟ್ಟವನು ಕೊಂದವನೇ.

ಈ ಮರೆವು ಹಳೆಯ ಕಾಲಕ್ಕೆ ಮಾತ್ರ ಸೀಮಿತವಲ್ಲ. ಮೋಯಾರ್ ಕಣಿವೆಯನ್ನು ಮೇಲಿನಿಂದ ನೋಡಬೇಕೆಂದರೆ ಕೋತಗಿರಿಯ ಆಚೆಗಿನ ಕೊಡನಾಡಿಗೆ ಹೋಗಬೇಕು. ಅಲ್ಲಿನ ಹೆಸರಾಂತ ಎಸ್ಟೇಟಿನಲ್ಲಿ 2017ರ ಏಪ್ರಿಲ್ 24ರ ರಾತ್ರಿ ದರೋಡೆಗೆ ಬಂದವರ ಕೈಯಲ್ಲಿ ಕಾವಲುಗಾರನೊಬ್ಬ ಕೊಲೆಯಾದ. ಹೊಟ್ಟೆಪಾಡಿಗಾಗಿ ನೇಪಾಳದಿಂದ ಈ ಬೆಟ್ಟಕ್ಕೆ ಬಂದಿದ್ದ ಬಡವ ಅವನು. ಎಸ್ಟೇಟು ಯಾರದಾಗಿತ್ತು, ಅಲ್ಲಿಂದ ಏನೇನು ಹೋಯಿತು, ಇದರಿಂದ ಯಾವ ಪಕ್ಷಕ್ಕೆ ಲಾಭ, ಯಾವ ಪಕ್ಷಕ್ಕೆ ನಷ್ಟ ಎಂಬ ಚರ್ಚೆ ಚುನಾವಣೆಯಿಂದ ಚುನಾವಣೆಗೆ ಬೆಳೆಯಿತು. 2022ರಲ್ಲಿ ತನಿಖೆ ಸಿ.ಬಿ.ಸಿ.ಐ.ಡಿ.ಗೆ ವರ್ಗವಾಯಿತು. ಇಷ್ಟೆಲ್ಲ ಮಾತಿನ ನಡುವೆ, ಆ ಕಾವಲುಗಾರನ ಮನೆಯವರು ಯಾವ ಊರಿನಲ್ಲಿ ಹೇಗಿದ್ದಾರೆಂದು ಕೇಳಿದವರು ಎಷ್ಟು ಜನ? ಬಡವನ ಕೊಲೆ ಶ್ರೀಮಂತರ ಮನೆಯಲ್ಲಿ ನಡೆದರೆ ಸುದ್ದಿಯಾಗುವುದು ಮನೆ.

ಕೊಲೆಯ ಕಥೆಯನ್ನು ಕೇಳುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನಮ್ಮ ಮಹಾಕಾವ್ಯಗಳನ್ನೇ ಮುಚ್ಚಿಡಬೇಕಾಗುತ್ತದೆ. ಕೇಳುವಾಗ ನಮ್ಮ ಮನಸ್ಸು ಎಲ್ಲಿ ನಿಂತಿರುತ್ತದೆ ಎಂಬುದು ಪ್ರಶ್ನೆ. ಕನ್ನಡ ಕವಿ ಜನ್ನ 13ನೆಯ ಶತಮಾನದ ಆದಿಯಲ್ಲಿಯೇ ‘ಯಶೋಧರ ಚರಿತೆ’ಯಲ್ಲಿ ಈ ಸೂಕ್ಷ್ಮವನ್ನು ಎತ್ತಿದ್ದಾನೆ. ಅಲ್ಲಿ ಯಶೋಧರ ಬಲಿಕೊಡುವುದು ಜೀವಂತ ಪ್ರಾಣಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕತ್ತಿ ಎತ್ತಿದ ಸಂಕಲ್ಪ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳ ಯಾತನೆಗೆ ತಳ್ಳುತ್ತದೆ. ಹಿಂಸೆ ಕೈಯಲ್ಲಿ ನಡೆಯುವ ಮೊದಲು ಮನಸ್ಸಿನಲ್ಲಿ ನಡೆಯುತ್ತದೆಂಬುದು ಆ ಕಾವ್ಯದ ತಿರುಳು. ಕೊಲೆಗಾರನ ಜಾಣತನಕ್ಕೆ ತಲೆದೂಗುತ್ತಾ, ಸತ್ತವನನ್ನು ಕಥೆಯ ಸಾಮಗ್ರಿಯೆಂದು ದಾಟಿಹೋಗುವಾಗ ನಾವೂ ಒಂದು ಹಿಟ್ಟಿನ ಕೋಳಿಯ ಮುಂದೆ ಕತ್ತಿ ಹಿಡಿದು ನಿಂತಿಲ್ಲವೇ ಎಂದು ಕೇಳಿಕೊಳ್ಳಬೇಕು.

ಪಾಲಾರ್: ಒಂದು ಮೊಕದ್ದಮೆಯ ದಾರಿ

ನ್ಯಾಯವ್ಯವಸ್ಥೆ ಕೊಲೆಗೆ ಹೇಗೆ ಉತ್ತರಿಸುತ್ತದೆಂಬುದನ್ನು ಅರಿಯಲು ನಮ್ಮ ಸೀಮೆಯ ಒಂದೇ ಮೊಕದ್ದಮೆ ಸಾಕು. 1993ರ ಏಪ್ರಿಲ್ 9ರಂದು ಮಲೆಮಹದೇಶ್ವರ ಬೆಟ್ಟದ ಕೆಳಗೆ ಪಾಲಾರ್ ಬಳಿ ಪೊಲೀಸರು, ಅರಣ್ಯ ಸಿಬ್ಬಂದಿ ಮತ್ತು ಅವರಿಗೆ ಮಾಹಿತಿ ನೀಡುತ್ತಿದ್ದವರು ಹೊರಟಿದ್ದ ವಾಹನ ನೆಲಬಾಂಬುಗಳ ಸ್ಫೋಟಕ್ಕೆ ಸಿಲುಕಿತು. ಸತ್ತವರು 22 ಮಂದಿ. ಭಯೋತ್ಪಾದನೆ ತಡೆಗೆಂದು ಆಗ ಜಾರಿಯಲ್ಲಿದ್ದ ‘ಟಾಡಾ’ ಕಾಯಿದೆಯಡಿ ನೂರಕ್ಕೂ ಹೆಚ್ಚು ಜನರ ಮೇಲೆ ಆರೋಪ ಹೊರಿಸಲಾಯಿತು. ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಾಗ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು, ಕೆಲವರಿಗೆ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರಿಗೆ ಜೀವಾವಧಿ. ಆ ನಾಲ್ವರು ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ಶಿಕ್ಷೆ ಕಡಿಮೆಯಾದೀತೆಂದು ಹೋದವರಿಗೆ 2004ರ ಜನವರಿಯಲ್ಲಿ ಅದು ಮರಣದಂಡನೆಯಾಗಿ ಏರಿತು.

ಅದೇ ವರ್ಷ ಅವರು ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಸಲ್ಲಿಸಿದರು. ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ: ಅರ್ಜಿ ತಿರಸ್ಕೃತವಾಗಿತ್ತು. ನಡುವಿನ ಸುಮಾರು ಒಂಬತ್ತು ವರ್ಷ ಅವರು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ, ಪ್ರತಿ ಬೆಳಗನ್ನೂ ಕೊನೆಯ ಬೆಳಗಾಗಿರಬಹುದೆಂದು ಎಣಿಸುತ್ತಾ ಕಳೆದರು. ನೇಣಿನ ಸಿದ್ಧತೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದಾಗಲೇ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ನೇತೃತ್ವದ ಪೀಠ ಶತ್ರುಘ್ನ ಚೌಹಾಣ್ ಮೊಕದ್ದಮೆಯಲ್ಲಿ ಈ ನಾಲ್ವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದೆ ವರ್ಷಗಟ್ಟಲೆ ಸಾವಿನ ನೆರಳಿನಲ್ಲಿ ಇರಿಸುವುದೇ ಒಂದು ಹಿಂಸೆ. ಕಾನೂನು ವಿಧಿಸದ ಆ ಎರಡನೆಯ ಶಿಕ್ಷೆಯನ್ನು ಪ್ರಭುತ್ವ ಯಾರಿಗೂ ಕೊಡಲಾಗದು ಎಂಬುದು ಆ ತೀರ್ಪಿನ ಸಾರ. ಅರ್ಜಿ ತಿರಸ್ಕೃತವಾದ ಮೇಲೆ ಕನಿಷ್ಠ 14 ದಿನಗಳ ಅವಕಾಶವಿರಬೇಕು, ಕೈದಿ ತನ್ನವರನ್ನು ಕೊನೆಯ ಬಾರಿ ಕಾಣಬೇಕು, ಅವನಿಗೆ ಕಾನೂನಿನ ನೆರವು ದೊರೆಯಬೇಕು ಎಂಬ ನಿಯಮಗಳನ್ನೂ ಪೀಠ ಹಾಕಿಕೊಟ್ಟಿತು.

ಈ ಎಲ್ಲದಕ್ಕೂ ಮೂಲಪುರುಷನಾದವನು ಮಾತ್ರ ಈ ಕೊಲೆಗಳಿಗೆ ಕಟಕಟೆಯಲ್ಲಿ ಒಂದು ದಿನವೂ ಉತ್ತರ ಹೇಳಲಿಲ್ಲ. ಅವನಿಗೆ ಆಶ್ರಯ ಕೊಟ್ಟವರು ಯಾರು, ಅವನ ಗಂಧ, ದಂತಗಳನ್ನು ಕೊಂಡವರು ಯಾರು, ಆ ಹಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳು ಅವನೊಂದಿಗೇ ಮಣ್ಣು ಸೇರಿದವು. ವಿಚಾರಣೆ ಎಂಬುದು ಶಿಕ್ಷೆಗೆ ಮುನ್ನ ನಡೆಯುವ ಶಾಸ್ತ್ರವಷ್ಟೇ ಅಲ್ಲ. ನಡೆದದ್ದೇನೆಂದು ಬಹಿರಂಗವಾಗಿ ಹೇಳಿಸುವ ಕ್ರಿಯೆ. ಗುಂಡು ಶಿಕ್ಷೆ ಕೊಡಬಲ್ಲದು, ಸತ್ಯವನ್ನು ಹೊರಗೆಡಹಲಾರದು.

ಮರಣದಂಡನೆಯ ಪ್ರಶ್ನೆ

ಹಾಗಾದರೆ 2014ರ ತೀರ್ಪು ನ್ಯಾಯವೇ? ಈ ಪ್ರಶ್ನೆಯನ್ನು ಬೇಗ ದಾಟಿಹೋಗುವಂತಿಲ್ಲ. ಪಾಲಾರ್‌ನಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ನಮ್ಮ ಮುಂದೆ ಬಂದು ಕುಳಿತಳೆಂದು ಭಾವಿಸೋಣ. ‘ಅವರು ಒಂಬತ್ತು ವರ್ಷ ಕಾದರೆಂದು ಕನಿಕರಪಟ್ಟಿರಿ, ನಾನು ಇಪ್ಪತ್ತು ವರ್ಷ ಕಾದೆನಲ್ಲ, ಅದು ಯಾರ ಲೆಕ್ಕಕ್ಕೆ?’ ಎಂದು ಅವಳು ಕೇಳಿದರೆ ಏನು ಹೇಳುವುದು? ಪ್ರತೀಕಾರವನ್ನು ಬಿಡಬೇಕೆಂದು ಅವಳಿಗೆ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ನೋವು ಅವಳದು, ಕ್ಷಮಿಸುವ ಹಕ್ಕೂ ಅವಳದೇ.

ನಮ್ಮ ಪುರಾಣಗಳು ಈ ತಾಯಿಯನ್ನು ಬಲ್ಲವು. ರಾತ್ರಿ ಶಿಬಿರಕ್ಕೆ ನುಗ್ಗಿ ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ಎಳೆತಂದು ದ್ರೌಪದಿಯ ಮುಂದೆ ಕೆಡಹಿದ ಪ್ರಸಂಗ ಭಾಗವತದಲ್ಲಿದೆ. ಐವರು ಮಕ್ಕಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವಳು ಅವನನ್ನು ಬಿಡಿರೆನ್ನುತ್ತಾಳೆ. ತನ್ನಂತೆ ಅವನ ತಾಯಿಯೂ ಅಳುವುದು ಬೇಡವೆನ್ನುತ್ತಾಳೆ. ಭೀಮ ಕೊಲ್ಲಲೇಬೇಕೆನ್ನುತ್ತಾನೆ. ಕೊನೆಗೆ ಅವನ ತಲೆಯ ಮಣಿಯನ್ನು ಕಿತ್ತು, ಮಾನವನ್ನು ಕಳೆದು, ಹೊರದೂಡುತ್ತಾರೆ. ಈ ಪ್ರಸಂಗವನ್ನು ದಯೆಯ ಪಾಠವೆಂದು ಮಾತ್ರ ನಾವು ಮಕ್ಕಳಿಗೆ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅಂಶವೂ ಇದೆ. ಅಲ್ಲಿ ಅಪರಾಧಿಯನ್ನು ತಂದು ನಿಲ್ಲಿಸಿದ್ದು ನೊಂದವಳ ಮುಂದೆ. ಮೊದಲು ಕೇಳಿದ್ದು ಅವಳ ಮಾತನ್ನು. ನಮ್ಮ ವ್ಯವಸ್ಥೆಯಲ್ಲಿ ಮೊಕದ್ದಮೆ ನಡೆಯುವುದು ಸರ್ಕಾರಕ್ಕೂ ಆರೋಪಿಗೂ. ಆ ತಾಯಿ ಹೆಚ್ಚೆಂದರೆ ಒಬ್ಬ ಸಾಕ್ಷಿ.

ಆದರೂ ವಿಚಾರ ಮಾಡಿದಷ್ಟೂ ಆ ತೀರ್ಪು ಸರಿಯೆಂದೇ ನನಗೆ ತೋರುತ್ತದೆ. ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಅಳತೆಯ ಅನಿಶ್ಚಯ. 1980ರಲ್ಲಿ ಬಚ್ಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯನ್ನು ಉಳಿಸಿಕೊಂಡರೂ, ಅದು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಎಂದು ಗೆರೆ ಎಳೆಯಿತು. ಐವರು ನ್ಯಾಯಮೂರ್ತಿಗಳಲ್ಲಿ ಪಿ.ಎನ್. ಭಗವತಿಯವರು ಅದನ್ನೂ ಒಪ್ಪಲಿಲ್ಲ. ಪಾಲಾರ್ ಮೊಕದ್ದಮೆಯಲ್ಲಿ ಒಂದೇ ಘಟನೆ, ಒಂದೇ ಸಾಕ್ಷ್ಯ. ಮೈಸೂರಿನ ನ್ಯಾಯಾಧೀಶರಿಗೆ ಅದು ಜೀವಾವಧಿಗೆ ಸಾಕೆನಿಸಿತು, ದೆಹಲಿಯ ನ್ಯಾಯಮೂರ್ತಿಗಳಿಗೆ ಮರಣಕ್ಕೆ ತಕ್ಕದ್ದೆನಿಸಿತು. ಇಬ್ಬರೂ ಕಾನೂನನ್ನು ಬಲ್ಲವರೇ. ಬಲ್ಲವರೇ ಹೀಗೆ ಭಿನ್ನವಾಗುವಲ್ಲಿ, ಮರಳಿ ತಿದ್ದಲಾಗದ ಶಿಕ್ಷೆಯನ್ನು ಅವಸರದಿಂದ ಜಾರಿಗೊಳಿಸುವುದು ವಿವೇಕವಲ್ಲ.

ಎರಡನೆಯದು, ಸಾಕ್ಷ್ಯದ ದೌರ್ಬಲ್ಯ. ‘ಟಾಡಾ’ ಕಾಯಿದೆ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವಾಗಿ ಒಪ್ಪುತ್ತಿತ್ತು. ನಮ್ಮ ಸಾಮಾನ್ಯ ಕಾನೂನು ಅದನ್ನು ಒಪ್ಪದಿರುವುದು ಸುಮ್ಮನೆ ಅಲ್ಲ. ಠಾಣೆಯ ಗೋಡೆಗಳೊಳಗೆ ಬಾಯಿಂದ ಮಾತು ಹೇಗೆ ಹೊರಡುತ್ತದೆಂಬ ಅನುಭವದಿಂದ. ಆ ಕಾಯಿದೆಯನ್ನು ಮುಂದುವರಿಸಲು ಸಂಸತ್ತಿಗೇ ಮನಸ್ಸಾಗದೆ 1995ರಲ್ಲಿ ಅದರ ಅವಧಿ ಮುಗಿದುಹೋಯಿತು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ಪ್ರಭುತ್ವದ ಶೀಲ. ಕೊಂದವನಿಗೂ ಪ್ರಭುತ್ವಕ್ಕೂ ಇರುವ ವ್ಯತ್ಯಾಸ ಬಲದ್ದಲ್ಲ. ಕೊಂದವನು ತನ್ನ ಕೋಪಕ್ಕೋ ಲಾಭಕ್ಕೋ ನಿಯಮವನ್ನು ಮುರಿದ. ಪ್ರಭುತ್ವ ಕೋಪ ಬಂದಾಗಲೂ ನಿಯಮವನ್ನು ಪಾಲಿಸುತ್ತದೆ. ಆ ಪಾಲನೆಯಿಂದಲೇ ಅದಕ್ಕೆ ದಂಡಿಸುವ ಅಧಿಕಾರ ಬರುತ್ತದೆ. ಅರ್ಜಿಯನ್ನು ಒಂಬತ್ತು ವರ್ಷ ಕಡತದಲ್ಲಿ ಮಲಗಿಸಿ, ಒಂದು ಮುಂಜಾನೆ ನೆನಪಾಗಿ ಹಗ್ಗ ತೆಗೆಯುವುದು ನಿಯಮವಲ್ಲ, ಉದಾಸೀನ. ಉದಾಸೀನದಿಂದ ಕೊಂದರೂ ಕೊಲೆಯೇ.

ಆ ತಾಯಿಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಅವಳ ಇಪ್ಪತ್ತು ವರ್ಷಗಳನ್ನು ಕಸಿದದ್ದೂ ಅದೇ ಉದಾಸೀನ ಎಂದು ಹೇಳಬಹುದು. ವಿಳಂಬ ಅಪರಾಧಿಯನ್ನೂ ನೊಂದವರನ್ನೂ ಏಕಕಾಲಕ್ಕೆ ಹಿಂಸಿಸುತ್ತದೆ. ಅದಕ್ಕೆ ಪರಿಹಾರ ಬೇಗನೆ ತೀರ್ಮಾನಿಸುವುದೇ ಹೊರತು ತಡವಾಗಿ ನೇಣು ಹಾಕುವುದಲ್ಲ. ತರ್ಕವಾಗಿ ಇದು ಸರಿಯಾದ ಉತ್ತರ. ಆದರೆ ಅವಳಿಗೆ ಇದು ಸಾಲದೆಂಬುದನ್ನೂ ಒಪ್ಪಬೇಕು. ಎಲ್ಲ ನೋವಿಗೂ ನ್ಯಾಯಾಲಯದಲ್ಲಿ ಮದ್ದಿದೆ ಎಂದು ನಂಬಿಸುವುದು ಸುಳ್ಳು ಹೇಳಿದಂತೆ. ಅಲ್ಲಿ ಸಿಗದ ಮದ್ದನ್ನು ಸಮಾಜ ಬೇರೆ ರೀತಿಯಲ್ಲಿ ಸಲ್ಲಿಸಬೇಕಾಗುತ್ತದೆ.

ನಡುವೆ ಸಿಕ್ಕಿಕೊಂಡವರು

ನ್ಯಾಯದ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಹೇಳದೆ ಈ ಕಥೆ ಪೂರ್ಣವಾಗದು. ಕಾಡಂಚಿನ ಊರುಗಳ ಜನಕ್ಕೆ ಆ ದಿನಗಳಲ್ಲಿ ಎರಡು ಭಯ. ಅಕ್ಕಿ ಕೇಳಿ ಬಂದ ಗುಂಪಿಗೆ ಕೊಡದಿದ್ದರೆ ಅವರ ಕೋವಿ; ಕೊಟ್ಟರೆ ಮರುದಿನ ಕಾರ್ಯಪಡೆಯ ಲಾಠಿ. ಸೋಲಿಗರು, ಲಂಬಾಣಿಗಳು, ಬಡ ರೈತರು, ದನಗಾಹಿಗಳು ಈ ಎರಡರ ನಡುವೆ ಅರೆದುಹೋದರು. ದೂರುಗಳು ಹೆಚ್ಚಿದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಅದರ ಮುಂದೆ ಬಂದು ನಿಂತ ಗಂಡಸರೂ ಹೆಂಗಸರೂ ಹೇಳಿದ ಅಕ್ರಮ ಬಂಧನದ, ಚಿತ್ರಹಿಂಸೆಯ ಸಂಗತಿಗಳನ್ನು ಈ ಸಂಚಿಕೆಯಲ್ಲಿ ವಿವರಿಸಲಾರೆ. ಮಕ್ಕಳೂ ಓದುವ ಪುಟಗಳಿವು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು.

ಇದನ್ನು ಪ್ರಸ್ತಾಪಿಸಿದರೆ ಪೊಲೀಸರ ತ್ಯಾಗಕ್ಕೆ ಅಗೌರವವಾಗುತ್ತದೆಂದು ಕೆಲವರು ಮುನಿಯುತ್ತಾರೆ. ನಾನು ಹಾಗೆ ತಿಳಿದಿಲ್ಲ. ಶ್ರೀನಿವಾಸ್ ಅವರು ಊರಿನ ಜನರನ್ನು ನಂಬಿ ಪ್ರಾಣ ಬಿಟ್ಟವರು. ಅವರ ಸಾವಿಗೆ ಉತ್ತರವಾಗಿ ಅಂಥದೇ ಊರುಗಳ ನಿರಪರಾಧಿಗಳನ್ನು ಹಿಂಸಿಸಿದರೆ ಅದು ಅವರಿಗೆ ಸಲ್ಲುವ ಗೌರವವೇ? ಕೊಂದವನ ಬದಲಿಗೆ ಮತ್ತೊಬ್ಬನನ್ನು ಹಿಡಿದು ಶಿಕ್ಷಿಸಿದಾಗ ಸತ್ತವನಿಗೆ ನ್ಯಾಯ ಸಿಕ್ಕಿರುವುದಿಲ್ಲ, ಬದುಕಿದ್ದವನಿಗೆ ಅನ್ಯಾಯವಾಗಿರುತ್ತದೆ. ಲೆಕ್ಕದಲ್ಲಿ ಒಂದು ಸಾಲ ತೀರುವ ಬದಲು ಎರಡಾಗುತ್ತದೆ.

ನಾವು ವಾಸಿಸುವ ತಮಿಳುನಾಡಿನಲ್ಲಿ ಮನುನೀತಿ ಚೋಳನ ಕಥೆ ಮನೆಮಾತು. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ತಾಯಿಹಸು ಅರಮನೆಯ ಗಂಟೆಯನ್ನು ಎಳೆಯಿತು. ದೊರೆ ತನ್ನ ಮಗನ ಮೇಲೆಯೇ ರಥ ಹರಿಸಿದ. ಆ ಶಿಕ್ಷೆಯ ಕ್ರೌರ್ಯವನ್ನು ಈ ಕಾಲ ಒಪ್ಪಬೇಕಾಗಿಲ್ಲ. ಆದರೆ ಅರಮನೆಯ ಬಾಗಿಲಿನಲ್ಲಿ ಗಂಟೆಯಿತ್ತು, ಮೂಕಪ್ರಾಣಿಗೂ ಅದು ಎಟುಕುತ್ತಿತ್ತು, ಅದರ ದನಿಗೆ ದೊರೆಯೇ ಎದ್ದು ಬಂದ ಎಂಬ ಮೂರು ಮಾತುಗಳನ್ನು ಯಾವ ಕಾಲವೂ ಬಿಡುವಂತಿಲ್ಲ. ಸದಾಶಿವ ಸಮಿತಿಯ ಮುಂದೆ ನಿಂತವರಿಗೆ ಆ ಗಂಟೆ ಎಟುಕಲು ಎಷ್ಟು ವರ್ಷ ಬೇಕಾಯಿತು!

ಒಬ್ಬ ತಂದೆಯ ಅರ್ಜಿ

ಕನ್ನಡಿಗರಿಗೆ 2000ನೆಯ ಇಸವಿ ಮರೆಯಲಾಗದ್ದು. ಜುಲೈ 30ರ ರಾತ್ರಿ ಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. 108 ದಿನ ನಾಡಿಗೆ ನಾಡೇ ಉಸಿರು ಬಿಗಿಹಿಡಿದಿತ್ತು. ಗಡಿಯ ಈಚೆಗಿದ್ದ ನಮ್ಮಂಥವರ ಪಾಡಂತೂ ಹೇಳತೀರದು. ತಮಿಳರೊಡನೆ ಅಣ್ಣತಮ್ಮಂದಿರಂತೆ ಬಾಳಿದವರು ದಿನ ಬೆಳಗಾದರೆ ಎಲ್ಲಿ ಏನಾಗುವುದೋ ಎಂದು ಅಂಜುತ್ತಿದ್ದೆವು. ಬಿಡುಗಡೆಗೆ ಪ್ರತಿಯಾಗಿ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಸೆರೆಯಲ್ಲಿದ್ದ ‘ಟಾಡಾ’ ಆರೋಪಿಗಳ ಬಿಡುಗಡೆಯೂ ಒಂದು. ಸರ್ಕಾರ ಒಪ್ಪಿತು, ಮೊಕದ್ದಮೆ ಹಿಂತೆಗೆದುಕೊಳ್ಳಲು ವಿಶೇಷ ನ್ಯಾಯಾಲಯವೂ ಅನುಮತಿ ಕೊಟ್ಟಿತು.

ಆಗ ಒಬ್ಬ ತಂದೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅವರು ಅಬ್ದುಲ್ ಕರೀಂ. ಮೀಣ್ಯಂ ಬಳಿ ಪ್ರಾಣ ತೆತ್ತ ಶಕೀಲ್ ಅಹಮದ್ ಅವರ ತಂದೆ. ನಾಡಿಗೆ ನಾಡೇ ಒಂದು ಕಡೆ, ಅವರೊಬ್ಬರು ಇನ್ನೊಂದು ಕಡೆ. ಅವರಿಗೆ ರಾಜ್‌ಕುಮಾರ್ ಅವರ ಮೇಲೆ ದ್ವೇಷವಿರಲಿಲ್ಲ. ಕೊಲೆಯ ಮೊಕದ್ದಮೆಯನ್ನು ಕೊಲೆಗಾರನ ಬೆದರಿಕೆಗೆ ಮಾರಿಕೊಳ್ಳಬಾರದೆಂಬುದು ಅವರ ಮಾತಾಗಿತ್ತು. 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ವಾದವನ್ನು ಎತ್ತಿಹಿಡಿಯಿತು. ಸರ್ಕಾರ ಹೇಳಿತೆಂದು ಅಭಿಯೋಜಕರು ಮೊಕದ್ದಮೆ ಬಿಡುವಂತಿಲ್ಲ, ಸ್ವಂತ ವಿವೇಚನೆಯಿಂದ ಸಾರ್ವಜನಿಕ ಹಿತವನ್ನು ತೂಗಿ ನಿರ್ಧರಿಸಬೇಕೆಂದು ಹೇಳಿ ಅನುಮತಿಯನ್ನು ರದ್ದುಪಡಿಸಿತು. ಎಂಟು ದಿನಗಳ ಅನಂತರ, ನವೆಂಬರ್ 15ರಂದು, ರಾಜ್‌ಕುಮಾರ್ ಕ್ಷೇಮವಾಗಿ ಹೊರಬಂದರು.

ಇಲ್ಲಿ ನಿಜವಾದ ಧರ್ಮಸಂಕಟವಿದೆ. ಒಂದು ಜೀವವನ್ನು, ಅದರಲ್ಲೂ ಕೋಟ್ಯಂತರ ಜನರ ಪ್ರೀತಿಯ ಜೀವವನ್ನು ಉಳಿಸಲು ಸರ್ಕಾರ ಬಗ್ಗಿದ್ದು ತಪ್ಪೆನ್ನಲು ನಾಲಗೆ ಏಳದು. ಕಥೆ ಸುಖಾಂತವಾದ್ದರಿಂದ ತೀರ್ಪು ಸರಿಯೆಂದೂ ಹೇಳಲಾಗದು. ಅನಾಹುತವಾಗಿದ್ದರೆ ಅದೇ ತಂದೆಯನ್ನು ನಾವು ಶಪಿಸುತ್ತಿದ್ದೆವೇನೋ. ಆದರೂ ಅವರ ಅರ್ಜಿಯ ಸತ್ಯ ಫಲವನ್ನು ಅವಲಂಬಿಸಿರಲಿಲ್ಲ. ಆ ಆರೋಪಿಗಳಲ್ಲಿ ಅನೇಕರು ನಿರಪರಾಧಿಗಳಾಗಿದ್ದರು ನಿಜ. ಹಾಗಿದ್ದರೆ ಅವರನ್ನು ಬಹಳ ಹಿಂದೆಯೇ ನ್ಯಾಯದಿಂದ ಬಿಡಬೇಕಿತ್ತು, ಬೆದರಿಕೆಯಿಂದಲ್ಲ. ಹೆಸರಾಂತವರ ಪ್ರಾಣಕ್ಕಾಗಿ ಹೆಸರಿಲ್ಲದವರ ಸಾವಿನ ಮೊಕದ್ದಮೆಯನ್ನು ಅಳಿಸಬಹುದಾದರೆ, ಸಾವಿಗೂ ಅಂತಸ್ತು ಉಂಟೆಂದು ಒಪ್ಪಿದಂತೆ. ಆ ತಂದೆ ಅದನ್ನು ಒಪ್ಪಲಿಲ್ಲ. ಅವರ ಹೆಸರು ನಮ್ಮ ಮಕ್ಕಳ ಪಾಠದಲ್ಲಿ ಬರಬೇಕಾದ ಹೆಸರು.

ಅಪಹರಣದ ಮೊಕದ್ದಮೆಯ ಅಂತ್ಯವನ್ನೂ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರಿನಲ್ಲಿ ಗೋಬಿಚೆಟ್ಟಿಪಾಳಯಂ ನ್ಯಾಯಾಲಯ ಉಳಿದಿದ್ದ 9 ಆರೋಪಿಗಳನ್ನು ಆರೋಪ ಸಾಬೀತಾಗಲಿಲ್ಲವೆಂದು ಬಿಡುಗಡೆ ಮಾಡಿತು. ಅಷ್ಟರಲ್ಲಿ 18 ವರ್ಷ ಕಳೆದಿತ್ತು. ವೀರಪ್ಪನ್ ಇರಲಿಲ್ಲ, ರಾಜ್‌ಕುಮಾರ್ ಅವರೂ ಪಾರ್ವತಮ್ಮನವರೂ ಇರಲಿಲ್ಲ. ಮೊಕದ್ದಮೆಗೆ ಮೊದಲೇ ಸಾಕ್ಷಿಗಳು ಮುಗಿದುಹೋದರೆ ನ್ಯಾಯಾಧೀಶರಾದರೂ ಏನು ಮಾಡಿಯಾರು?

ನಮ್ಮ ಪಾಲಿನ ಕೆಲಸ

ವ್ಯವಸ್ಥೆ ಏನೂ ಕಲಿತಿಲ್ಲವೆಂದಲ್ಲ. ಅಪರಾಧ ನ್ಯಾಯದ ಸುಧಾರಣೆಗೆಂದು ನೇಮಕವಾದ ಸಮಿತಿಯ ಅಧ್ಯಕ್ಷರಾಗಿದ್ದ ಕನ್ನಡಿಗ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರು 2003ರ ತಮ್ಮ ವರದಿಯಲ್ಲಿ, ನೊಂದವರನ್ನು ಮೊಕದ್ದಮೆಯ ಹೊರಗೆ ನಿಲ್ಲಿಸಬಾರದೆಂದು ಒತ್ತಿ ಹೇಳಿದರು. ಅವರ ಎಲ್ಲ ಸಲಹೆಗಳೂ ಸರ್ವಸಮ್ಮತವಾಗಿರಲಿಲ್ಲ. ಆದರೆ ಈ ಮಾತು ವ್ಯರ್ಥವಾಗಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 2009ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಆರೋಪಿ ಬಿಡುಗಡೆಯಾದರೆ ನೊಂದವರೇ ಮೇಲ್ಮನವಿ ಸಲ್ಲಿಸುವ ಹಕ್ಕು ಬಂತು. ಅಪರಾಧಿ ಪತ್ತೆಯಾಗದಿದ್ದರೂ ನೊಂದ ಕುಟುಂಬಕ್ಕೆ ಪರಿಹಾರ ನೀಡುವ ಯೋಜನೆಯನ್ನು ಪ್ರತಿ ರಾಜ್ಯವೂ ರೂಪಿಸಬೇಕಾಯಿತು. ಇದಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಅದು ಉದಕಮಂಡಲದಲ್ಲಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೆಯ ಕಲಂ ಈಗ 103 ಆಗಿದೆ. ಸಂಖ್ಯೆ ಬದಲಾದ ಮಾತ್ರಕ್ಕೆ ಸಾಕ್ಷಿ ಧೈರ್ಯವಾಗಿ ಬಂದು ನಿಲ್ಲುವುದಿಲ್ಲ. ಅದು ಊರಿನ ಕೆಲಸ.

ಆ ಕೆಲಸ ಸಣ್ಣದಾಗಿ ಕಂಡರೂ ಸುಲಭವಲ್ಲ. ಕಂಡದ್ದನ್ನು ಕಂಡಂತೆ ಹೇಳುವವನ ಬೆನ್ನಿಗೆ ನೆರೆಹೊರೆ ನಿಲ್ಲಬೇಕು. ಯಾರನ್ನೋ ಠಾಣೆಗೆ ಕರೆದೊಯ್ದರೆಂಬ ಒಂದೇ ಕಾರಣಕ್ಕೆ ಅವರ ಮನೆಯವರಿಗೆ ಅಂಗಡಿಯಲ್ಲಿ ಸಾಲ, ಬಾವಿಯಲ್ಲಿ ನೀರು, ಮದುವೆಗೆ ಕರೆಯೋಲೆ ನಿಲ್ಲಿಸುವ ನಮ್ಮ ಅವಸರದ ತೀರ್ಪನ್ನು ಬಿಡಬೇಕು. ಕೊಲೆಯಾದ ಮನೆಗೆ ಹದಿಮೂರನೆಯ ದಿನದ ಊಟಕ್ಕೆ ಹೋಗಿ ಬಂದರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯದೆ, ಆ ಮನೆಯ ಮಕ್ಕಳ ಓದು ಎಲ್ಲಿಗೆ ಬಂತೆಂದು ಮೂರನೆಯ ವರ್ಷವೂ ವಿಚಾರಿಸಬೇಕು. ನ್ಯಾಯಾಲಯದಲ್ಲಿ ಸಿಗದ ಮದ್ದೆಂದು ಹಿಂದೆ ಹೇಳಿದ್ದು ಇದನ್ನೇ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ನಾವು ವರ್ಷಕ್ಕೊಮ್ಮೆ ನಾಡು, ನುಡಿಗೆ ಬಾಳು ತೆತ್ತವರನ್ನು ಸ್ಮರಿಸುತ್ತೇವೆ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಒಂಬತ್ತು ದಿನಗಳ ಮೇಲೆ ಶ್ರೀನಿವಾಸ್ ಅವರ ಪುಣ್ಯದಿನ ಬರುತ್ತದೆ. ಆ ದಿನ ನಮ್ಮ ಮಕ್ಕಳನ್ನು ಹೊಳೆಯ ದಂಡೆಯಲ್ಲಿ ಕುಳ್ಳಿರಿಸಿ, ಅಪರಾಧಿಯ ಹೆಸರನ್ನು ಪಕ್ಕಕ್ಕಿಟ್ಟು, ಅವನಿಂದ ಅಳಿದವರ ಕಥೆಗಳನ್ನು ಹೇಳೋಣ: ನಿರಾಯುಧರಾಗಿ ಕಾಡಿಗೆ ಹೋದ ಅಧಿಕಾರಿಯದು, ಪಾಲಾರ್‌ನ 22 ಮಂದಿಯದು, ಕೊಡನಾಡಿನ ಕಾವಲುಗಾರನದು, ತಾವು ಮಾಡದ ತಪ್ಪಿಗೆ ಮೈಸೂರಿನ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದ ಕಾಡಂಚಿನ ಬಡವರದು. ಮುಂದಿನ ಸಲ ಮುಖ್ಯೋಪಾಧ್ಯಾಯರೊಬ್ಬರು ಅದೇ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ ನಾಲ್ಕು ಕೈಗಳಾದರೂ ಮೇಲೇಳಲಿ.